ಎರಡು ಊರಿನ ನಡುವೆ ಒಬ್ಬಳು: ಗದಗ ಜಿಲ್ಲೆಯಿಂದ ಬೆಂಗಳೂರಿಗೆ, ಒಂದು ಪ್ರಕರಣ ಅಧ್ಯಯನ

ದುಡಿಮೆಗೆಂದು ಊರು ಬಿಟ್ಟು ಬಂದವರ ತಳಮಳಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು: ಮನೆ ನೆನಪು. ಎರಡು ತಿಂಗಳು ಕಳೆದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಒಮ್ಮೆ ಊರಿಗೆ ಹೋಗಿ ಬಂದರಾಯಿತು ಎಂಬ ಮದ್ದೂ ಜೊತೆಗೇ ಬರುತ್ತದೆ. ಈ ಪ್ರಕರಣದಲ್ಲಿ ಆ ಮದ್ದಿನಿಂದಲೇ ತೊಂದರೆ ಹೆಚ್ಚಾಯಿತು. ಊರಿಗೆ ಹೋಗಿ ಬಂದ ವಾರವೇ ಈಕೆಯ ನಿದ್ದೆ ಪೂರ್ತಿ ಕೆಟ್ಟಿತು.

ಯಾರ ಗುರುತೂ ಉಳಿಯಬಾರದೆಂದು, ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಶಗಳನ್ನು ಕೂಡಿಸಿ ಕಟ್ಟಿದ, ಮನಃಸಮಾಲೋಚನೆಯ ಮಾದರಿ ಪ್ರಕರಣ ಇದು. ಈಕೆಯ ಅಂಕಿಗಳೂ ಮಾದರಿಯವೇ. ಸಂಶೋಧಕರ ಹೆಸರು, ವರ್ಷ ಬಂದ ಕಡೆ ಹೇಳಿರುವುದು ಪ್ರಕಟವಾದ ಅಧ್ಯಯನಗಳ ಮಾತು.

ಹಿನ್ನೆಲೆ

ವಯಸ್ಸು 24. ರೋಣ ತಾಲ್ಲೂಕಿನ ಹಳ್ಳಿ, ಎರೆಹೊಲದ ಒಕ್ಕಲುತನದ ಮನೆ. ಅಪ್ಪ, ಅವ್ವ, ಆಯಿ (ಅಜ್ಜಿ), ಪಿಯುಸಿ ಓದುತ್ತಿರುವ ತಮ್ಮ. ಪದವಿ ಮುಗಿಸಿದ್ದು ಹುಬ್ಬಳ್ಳಿಯಲ್ಲಿ, ಹಾಸ್ಟೆಲ್ಲಿನಲ್ಲಿದ್ದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದಳು. ಕೈಗೆ ಬರುವ ಸಂಬಳ 27,000 ರೂಪಾಯಿ. ಮೂವರು ಹಂಚಿಕೊಳ್ಳುವ ಪೀಜಿ ಕೋಣೆಗೆ 9,000, ಮನೆಗೆ 8,000, ಉಳಿದದ್ದರಲ್ಲಿ ಓಡಾಟ, ಮಧ್ಯಾಹ್ನದ ಊಟ, ಫೋನು.

ಹುಬ್ಬಳ್ಳಿಯ ವರ್ಷಗಳಲ್ಲಿ ಈ ತೊಂದರೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಆಗಲೂ ಮನೆಯಿಂದ ಹೊರಗೇ ಇದ್ದಳು, ಹಾಸ್ಟೆಲ್ ಊಟವೇ ಉಣ್ಣುತ್ತಿದ್ದಳು. ಆದರೆ ಮೆಸ್ಸಿನವನಿಂದ ಪ್ರೊಫೆಸರ್‌ವರೆಗೆ ಎಲ್ಲರ ಬಾಯಲ್ಲೂ ಅವಳದೇ ಮಾತು ಇತ್ತು. ಊರ ಹೆಸರು ಹೇಳಿದರೆ "ಅಲ್ಲಿ ನಮ್ಮ ಬೀಗರದಾರ" ಎನ್ನುವವರು ಸಿಗುತ್ತಿದ್ದರು. ಮನೆಯಿಂದ ದೂರ ಇದ್ದಾಳೆ ಎಂದಷ್ಟೇ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಕಾಣುವುದಿಲ್ಲ. 1688ರಲ್ಲಿ ಮನೆಗಾಗಿ ಕೊರಗುವ ಕಾಯಿಲೆಯನ್ನು ಮೊದಲು ವೈದ್ಯಕೀಯವಾಗಿ ವಿವರಿಸಿದ ಯೊಹಾನ್ನೆಸ್ ಹೋಫರ್ ಕೊಟ್ಟ ಉದಾಹರಣೆಗಳಲ್ಲೊಂದು ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ವಿದ್ಯಾರ್ಥಿಯದು. ಎರಡೂ ಸ್ವಿಟ್ಜರ್‌ಲೆಂಡಿನ ಊರುಗಳೇ, ನಡುವಿನ ಅಂತರ ಸುಮಾರು ನೂರು ಕಿಲೋಮೀಟರ್. ಅವನು ಸಾಯುವ ಸ್ಥಿತಿಗೆ ಬಂದು, ಊರಿಗೆ ಕರೆದೊಯ್ಯುವ ದಾರಿಯಲ್ಲೇ ಚೇತರಿಸಿಕೊಂಡ ಎನ್ನುತ್ತದೆ ಆ ಬರಹ. ಈಕೆಯ ದಾರಿ ಅದಕ್ಕಿಂತ ಎಷ್ಟೋ ಉದ್ದದ್ದು. ಊರ ದಾರಿ ಹಿಡಿದರೂ ಈಕೆ ಚೇತರಿಸಿಕೊಳ್ಳಲಿಲ್ಲ ಎಂಬುದು ಇಲ್ಲಿನ ತೊಡಕು.

ಏನೇನಾಯಿತು, ಯಾವ ಕ್ರಮದಲ್ಲಿ

ಮೊದಲ ವಾರದಲ್ಲೇ ಹೆಸರಿನ ಪ್ರಸಂಗ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೇಳಿದರೆ ಯಾವ ಮನೆಯವರೆಂದು ಊರಿಗೆ ತಿಳಿಯುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಇವೆಲ್ಲ ಅಲ್ಲಿ ಗೌರವದ ಮನೆತನಗಳ ಹೆಸರು. ಈಕೆಯದೂ ಅಂಥದೇ ಒಂದು. ಕಚೇರಿಯಲ್ಲಿ ಇಮೇಲ್ ಐಡಿ ಮಾಡಿಕೊಡುವಾಗ ಇಬ್ಬರು ನಕ್ಕರು. ಮರುದಿನವೇ ಈಕೆ ಅಡ್ಡಹೆಸರು ಬಿಟ್ಟು, ಹಳೆ ಮೈಸೂರು ಕಡೆಯವರಂತೆ ಇನಿಷಿಯಲ್ ಹಾಕಿಸಿಕೊಂಡಳು. ಯಾರೂ ಒತ್ತಾಯ ಮಾಡಿರಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ.

ಎರಡನೆಯ ತಿಂಗಳಲ್ಲಿ ದನಿಯ ಸರದಿ. ರಾತ್ರಿ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದಾಗ ಕೋಣೆಯ ಜೊತೆಗಾತಿ, "ಯಾರ್ ಜೊತೆ ಹಂಗ್ ಜಗಳ ಆಡ್ತಿದ್ದೆ?" ಎಂದು ಕೇಳಿದಳು. ಆಡಿದ್ದು ಜಗಳವಲ್ಲ, ಶೇಂಗಾ ಬಿತ್ತನೆಯ ಮಾತು. ಗದಗ-ಬಾಗಲಕೋಟೆ ಕಡೆಯ ಏರುದನಿ ಬೆಂಗಳೂರಿನ ಕಿವಿಗೆ ಸಿಟ್ಟಿನಂತೆ ಕೇಳುವುದು ಹೊಸದೇನಲ್ಲ. ಕೇಳಿದವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅಂದಿನಿಂದ ಈಕೆ ಅವ್ವನ ಕರೆ ಬಂದರೆ ಟೆರೇಸಿಗೆ ಹೋಗತೊಡಗಿದಳು. ಮಳೆ ಬಂದ ದಿನ ಮೆಟ್ಟಿಲ ಮೇಲೆ ಕೂತು ಪಿಸುದನಿಯಲ್ಲಿ ಮಾತು. ಅತ್ತಲಿಂದ ಅವ್ವ: "ಯಾಕವಾ, ಮೈಯಾಗ ಆರಾಮಿಲ್ಲೇನು? ದನಿ ಸಣ್ಣ ಆಗೇತಿ." "ಇಲ್ಲಬೇ, ಆರಾಮದೇನಿ" ಎಂಬ ಸುಳ್ಳು ಅಲ್ಲಿಂದ ಶುರು.

ನಾಲ್ಕನೆಯ ತಿಂಗಳಲ್ಲಿ ಪಂಚಮಿ. ರಜೆ ಹಾಕಿ, ರಾತ್ರಿ ಬಸ್ಸಿಗೆ ಹೋಗಿ ಒಂದೇ ರಾತ್ರಿ ಊರಲ್ಲಿದ್ದು ಬಂದಳು. ಜೋಕಾಲಿಯ ಹತ್ತಿರ ನಿಂತು ಏನೋ ಹೇಳುವಾಗ "ಹೋಗೋಣ" ಎಂದು ಬಾಯಿಗೆ ಬಂತು. ಕಾಕಾನ ಮಗಳು ಹಿಡಿದೇ ಬಿಟ್ಟಳು: "ಬೆಂಗಳೂರು ಅಕ್ಕಾರು ಬಂದಾರ ನೋಡ್ರಿ." ಎಲ್ಲರೂ ನಕ್ಕರು, ಈಕೆಯೂ ನಕ್ಕಳು. ಅದೇ ಸಂಜೆ ಅಪ್ಪ ಬೋರ್‌ವೆಲ್ ಸಾಲದ ಕಾಗದ ಮುಂದಿಟ್ಟು "ನೀ ಏನಂತಿ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಹಾಗೆ ಕೇಳಿದ್ದು ಅದೇ ಮೊದಲು.

ಇಷ್ಟೂ ಸೇರಿದ ಮೇಲೆ ಆಗಸ್ಟ್ ಕೊನೆಯಲ್ಲಿ ಸಮಾಲೋಚನೆಗೆ ಬಂದಾಗ ಹೇಳಿದ ಮಾತು: "ಎರಡೂ ಕಡೆ ನಾ ನಾಟಕ ಮಾಡಾಕತ್ತೇನಿ ಅನಸ್ತೈತ್ರಿ." ನಿದ್ದೆ ಬರುವುದು ರಾತ್ರಿ ಎರಡಕ್ಕೆ. ಭಾನುವಾರ ಸಂಜೆ ಎದೆ ಭಾರ. ಮೀಟಿಂಗಿನಲ್ಲಿ ಲೆಕ್ಕ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ.

ಮೊದಲು ತಳ್ಳಿಹಾಕಬೇಕಾದವು

ನಾನು ಯಾರು ಎಂಬ ಗುರುತಿನ ಪ್ರಶ್ನೆ ಹೊತ್ತು ಬಂದವರಲ್ಲಿ ಕೆಲವರಿಗೆ ಇರುವುದು ಖಿನ್ನತೆ, ಕೆಲವರಿಗೆ ರಕ್ತಹೀನತೆ, ಕೆಲವರಿಗೆ ಕಚೇರಿಯಲ್ಲಿ ಕಿರುಕುಳ. ಅದನ್ನು ನೋಡದೆ ಆತ್ಮಶೋಧನೆಗೆ ಇಳಿಯುವುದು ಬೇಜವಾಬ್ದಾರಿ. ಹಾಗಾಗಿ ಮೊದಲ ಭೇಟಿಯಲ್ಲಿ ಖಿನ್ನತೆಯ ಮಟ್ಟ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಲಾಯಿತು. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಟ್ಟು ಅಂಕ 0ರಿಂದ 27. 10 ಅಥವಾ ಹೆಚ್ಚು ಬಂದರೆ ವೈದ್ಯರ ಪರೀಕ್ಷೆಗೆ ಕಳಿಸುವುದು ರೂಢಿ. ಒಂಬತ್ತನೆಯ ಪ್ರಶ್ನೆ ಬದುಕು ಬೇಡವೆನಿಸುವುದರ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂರಬಾರದು, ಅದೇ ದಿನ ಮಾತಾಡಬೇಕು. ಈಕೆಗೆ ಒಟ್ಟು 8, ಒಂಬತ್ತನೆಯದು 0.

ಊಟ ವಿಚಾರಿಸಿದಾಗ ಬೆಳಗಿನ ತಿಂಡಿ ಬಿಟ್ಟು ಮೂರು ತಿಂಗಳಾಗಿತ್ತು. ಪೀಜಿಯಲ್ಲಿ ದಿನವೂ ಅನ್ನದ ತಿಂಡಿಯೇ ಎಂಬುದು ಕಾರಣ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಚಿತ್ರಾನ್ನ, ಪುಳಿಯೋಗರೆ, ಪಲಾವಿನ ಸಾಲು ಮೊದಲ ವಾರ ಹಬ್ಬ, ಆಮೇಲೆ ಬೇಸರ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ ಕಡಿಮೆ ಬಂತು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಸುಸ್ತಿನಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ರಕ್ತದ್ದು ಎಂದು ಬಿಡಿಸಿ ನೋಡಲು ಇದು ಬೇಕಿತ್ತು.

ಹೊಂದಾಣಿಕೆಯ ತೊಂದರೆ ಎಂಬ ರೋಗನಿರ್ಣಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರ ಪ್ರಕಾರ ಅದು ಸಾಮಾನ್ಯವಾಗಿ ಒತ್ತಡದ ಘಟನೆಯ ಒಂದು ತಿಂಗಳೊಳಗೆ ಕಾಣಿಸಿಕೊಂಡು, ಒತ್ತಡ ಮುಂದುವರಿಯದಿದ್ದರೆ ಆರು ತಿಂಗಳಲ್ಲಿ ಇಳಿಯುತ್ತದೆ. ಹಬ್ಬಕ್ಕೆ ಹಾಕಿದ ರಜೆ ಬಿಟ್ಟರೆ ಈಕೆ ಕೆಲಸಕ್ಕೆ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ರೋಗದ ಹಣೆಪಟ್ಟಿ ಹಚ್ಚದೆ ಮುಂದೆ ಹೋಗಲು ನಿರ್ಧರಿಸಲಾಯಿತು.

'ನಾನು ಯಾರು' ಎಂಬ ಹಾಳೆ

1954ರಲ್ಲಿ ಅಮೆರಿಕದ ಅಯೋವಾದ ಮ್ಯಾನ್‌ಫರ್ಡ್ ಕೂನ್ ಮತ್ತು ಥಾಮಸ್ ಮ್ಯಾಕ್‌ಪಾರ್ಟ್ಲೆಂಡ್ ಎಂಬ ಸಮಾಜಶಾಸ್ತ್ರಜ್ಞರು ಪ್ರಕಟಿಸಿದ ಸರಳ ಪರೀಕ್ಷೆ ಇದು. ಹಾಳೆಯ ಮೇಲೆ 20 ಖಾಲಿ ಸಾಲು. 'ನಾನು ಯಾರು?' ಎಂಬ ಒಂದೇ ಪ್ರಶ್ನೆಗೆ 20 ಉತ್ತರ, ಹನ್ನೆರಡು ನಿಮಿಷದಲ್ಲಿ. ತನಗೆ ತಾನೇ ಹೇಳಿಕೊಳ್ಳುವಂತೆ ಬರೆಯಬೇಕು, ಸರಿ ತಪ್ಪು ಇಲ್ಲ. ಆಮೇಲೆ ಉತ್ತರಗಳನ್ನು ಎರಡು ಗುಂಪು ಮಾಡುತ್ತಾರೆ. ಮಗಳು, ವಿದ್ಯಾರ್ಥಿ, ಇಂಥ ಊರಿನವಳು ಎಂಬಂಥ, ಎಲ್ಲರಿಗೂ ಅರ್ಥ ಸ್ಪಷ್ಟವಿರುವ ಸ್ಥಾನಗಳು ಒಂದು ಕಡೆ. ಹಟಮಾರಿ, ಬೇಗ ನಗುವವಳು, ಬೇಸರದವಳು ಎಂಬಂಥವು ಇನ್ನೊಂದು ಕಡೆ.

ಮಾಡಿಸುವಾಗ ಕೆಡುವ ಕಡೆಗಳು ಮೂರು. ಫೋನಿನಲ್ಲಿ ಟೈಪ್ ಮಾಡಿಸಿದರೆ ಬಯೋಡೇಟಾ ಬರುತ್ತದೆ, ಆದ್ದರಿಂದ ಪೆನ್ನು ಮತ್ತು ಹಾಳೆಯೇ ಬೇಕು. ಇಂಗ್ಲಿಷಿನಲ್ಲಿ ಬರೆಯಲು ಬಿಟ್ಟರೆ ಉದ್ಯೋಗ ಮುಂದೆ ಬಂದು ಮನೆ ಹಿಂದೆ ಸರಿಯಬಹುದು; ಯಾವ ಮಾತಿನಲ್ಲಿ ಬರೆಯುವುದೆಂದು ಅವರೇ ಆರಿಸಲಿ, ಆದರೆ ಯಾವುದನ್ನು ಆರಿಸಿದರೆಂದು ಬರೆದಿಟ್ಟುಕೊಳ್ಳಿ. ಮೂರನೆಯದು, ಇಪ್ಪತ್ತು ತುಂಬಲೇಬೇಕೆಂದು ಬಲವಂತ ಮಾಡುವುದು. ಎಲ್ಲಿ ನಿಂತಿತು ಎಂಬುದೂ ಉತ್ತರವೇ.

ಈಕೆ 14ಕ್ಕೆ ನಿಂತಳು. ಅದರಲ್ಲಿ 10 ಸ್ಥಾನಗಳು: ಇಂಥವರ ಮಗಳು, ತಮ್ಮನ ಅಕ್ಕ, ಮನೆಯ ಲೆಕ್ಕ ಬರೆಯುವವಳು, ನಮ್ಮೂರಾಗ ಮೊದಲ ಡಿಗ್ರಿ ಮಾಡಿದಾಕಿ ಇತ್ಯಾದಿ. ಉಳಿದ 4ರಲ್ಲಿ ಎರಡು ಒಂದಕ್ಕೊಂದು ತಾಗುತ್ತಿದ್ದವು. ಐದನೆಯ ಸಾಲು: 'ಗಟ್ಟಿಗಿತ್ತಿ ಅದೇನಿ.' ಹನ್ನೊಂದನೆಯದು: 'ನಾನು ತುಂಬಾ ಸೈಲೆಂಟ್.' ಒಂದು ಊರ ಮಾತಿನಲ್ಲಿ, ಒಂದು ಬೆಂಗಳೂರಿನ ಮಾತಿನಲ್ಲಿ. ಬರೆಯುವಾಗ ಆಕೆಗೆ ಅದು ಗೊತ್ತೇ ಆಗಿರಲಿಲ್ಲ. ಹಾಳೆ ತಿರುಗಿಸಿ ತೋರಿಸಿದಾಗ ಬಹಳ ಹೊತ್ತು ನೋಡಿದಳು.

ಹತ್ತು ಸ್ಥಾನಗಳ ಮುಂದೆ ಒಂದೊಂದು ಗೆರೆ ಎಳೆದು, 'ಬೆಂಗಳೂರಿನಲ್ಲಿ ಇದು ಯಾರಿಗೆ ಗೊತ್ತು?' ಎಂದು ಬರೆಯಲು ಹೇಳಲಾಯಿತು. ಎಂಟರ ಮುಂದೆ 'ಯಾರಿಗೂ ಇಲ್ಲ.' ಪ್ರಕರಣದ ತಿರುಳು ಇಲ್ಲಿದೆ. ಊರಲ್ಲಿ ಇವಳು ಗಟ್ಟಿಗಿತ್ತಿ ಎಂಬುದಕ್ಕೆ ಸಾಕ್ಷಿ ಇತ್ತು: ಹತ್ತನೇ ಇಯತ್ತೆಯಲ್ಲಿದ್ದಾಗಲೇ ಸೊಸೈಟಿಗೆ ಹೋಗಿ ಅಪ್ಪನ ಸಾಲದ ಬಡ್ಡಿ ಲೆಕ್ಕ ತಪ್ಪಾಗಿದೆ ಎಂದು ತೋರಿಸಿ ಬಂದದ್ದು ಓಣಿಗೆಲ್ಲ ಗೊತ್ತು. ಇಲ್ಲಿ ಸಾಕ್ಷಿ ಹೇಳುವವರಿಲ್ಲ. ಸಾಕ್ಷಿಯಿಲ್ಲದ ಗುಣವನ್ನು ದಿನವೂ ಹೊಸದಾಗಿ ಸಾಬೀತು ಮಾಡಬೇಕು, ಅದೂ ಬೇರೆ ದನಿಯಲ್ಲಿ. ಇತ್ತ ಊರಲ್ಲಿ, ತಿಂಗಳಿಗೆ 8,000 ಕಳಿಸುವವಳು ಎಂಬ ಹೊಸ ಸ್ಥಾನ ಹುಟ್ಟಿತ್ತು; ಅದಕ್ಕೆ ಈಕೆ ಇನ್ನೂ ಒಗ್ಗಿರಲಿಲ್ಲ. ಕಚೇರಿಯಲ್ಲಿ ಚಿಕ್ಕವಳಾಗುತ್ತ, ಮನೆಯಲ್ಲಿ ದೊಡ್ಡವಳಾಗುತ್ತ ಹೋದಳು. ಒಂದೇ ತಿಂಗಳಲ್ಲಿ ಎರಡೂ.

ಇದರ ಮೇಲೆ ಇನ್ನೊಂದು ಪದರವಿದೆ, ಅದನ್ನು ಸಮಾಲೋಚಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಈ ಭಾಗದಲ್ಲಿ ಹೆಣ್ಣುಮಗಳು ಮನೆ ಬಿಡುವುದಕ್ಕೆ ಇರುವ ಸಿದ್ಧ ದಾರಿ ಮದುವೆ. ಅದಕ್ಕೆ ಹಾಡಿದೆ, ಅಳುವಿದೆ, ಉಡಿ ತುಂಬುವ ಶಾಸ್ತ್ರವಿದೆ. ಪಂಚಮಿಗೆ ಕರೆಯಲು ಅಣ್ಣನೋ ತಮ್ಮನೋ ಹೋಗುತ್ತಾನೆ. ನೌಕರಿಗೆ ಹೊರಟವಳಿಗೆ ಇದ್ಯಾವುದೂ ಇಲ್ಲ. ಬಸ್ಸಿನ ಸೀಟು ತಾನೇ ಬುಕ್ ಮಾಡಿಕೊಂಡು ಹೋಗುತ್ತಾಳೆ, ಹಬ್ಬಕ್ಕೂ ತಾನೇ ಬುಕ್ ಮಾಡಿಕೊಂಡು ಬರುತ್ತಾಳೆ. ಹೋದಳೋ ಇಲ್ಲವೋ ಎಂದು ಯಾರೂ ವಿಧಿಪೂರ್ವಕ ಹೇಳಿಲ್ಲದ ಕಾರಣ, ಊರ ಲೆಕ್ಕದಲ್ಲಿ ಅವಳು ಇನ್ನೂ ಮನೆಯಲ್ಲೇ ಇರುವ ಮಗಳು. ಆ ಲೆಕ್ಕಕ್ಕೆ ತಕ್ಕಂತೆ ಒಂದು ಪದವೂ ಬದಲಾಗಬಾರದು ಎಂಬ ನಿರೀಕ್ಷೆ. ಗಂಡನ ಮನೆಯ ಮಾತು ಕಲಿತು ಬಂದ ಮಗಳನ್ನು ಯಾರೂ ಹೀಗೆ ಹಿಡಿದು ನಗುವುದಿಲ್ಲ.

ಸಂಶೋಧನೆ ಎಷ್ಟು ನೆರವಿಗೆ ಬರುತ್ತದೆ

2018ರಲ್ಲಿ ಹಾಯೊ ಆಡಮ್ ಮತ್ತು ಸಂಗಡಿಗರು ಆರು ಅಧ್ಯಯನಗಳಲ್ಲಿ 1,874 ಜನರನ್ನು ನೋಡಿ ಹೇಳಿದ್ದು: ಹೊರದೇಶದಲ್ಲಿ ಬಾಳಿದವರಿಗೆ ತಾವು ಎಂಥವರು ಎಂಬುದು ಹೆಚ್ಚು ಸ್ಪಷ್ಟವಿರುತ್ತದೆ. ಎಷ್ಟು ದೇಶ ಸುತ್ತಿದರು ಎಂಬುದಕ್ಕಿಂತ ಎಷ್ಟು ಕಾಲ ನೆಲೆಸಿದರು ಎಂಬುದು ಇಲ್ಲಿ ಮುಖ್ಯ. ಕಾರಣವಾಗಿ ಅವರು ತೋರಿಸುವುದು ಒಂದು ಬಗೆಯ ಯೋಚನೆಯನ್ನು: ಈ ನಂಬಿಕೆ ನಿಜಕ್ಕೂ ನನ್ನದೋ, ನಾನು ಬೆಳೆದ ಸಮಾಜದ್ದೋ ಎಂದು ಬಿಡಿಸಿ ನೋಡುವುದು. ಅವರ ಕೆಲಸ ಹೊರದೇಶಕ್ಕೆ ಹೋದವರ ಮೇಲೆ. ರಾಜ್ಯದೊಳಗಿನ ವಲಸೆಗೆ ಅದನ್ನು ಹಾಗೇ ಹೊಂದಿಸಲಾಗದು. ಆದರೆ ಬಿಡಿಸಿ ನೋಡುವ ಕೆಲಸ ತಾನಾಗಿ ಆಗದಿದ್ದರೆ ಮಾಡಿಸಬಹುದು ಎಂಬ ಸುಳಿವು ಅಲ್ಲಿಂದ ಸಿಕ್ಕಿತು.

ಸ್ಪಷ್ಟತೆ ಅಳೆಯಲು ಜೆನಿಫರ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 1996ರಲ್ಲಿ ಕೊಟ್ಟ 12 ಹೇಳಿಕೆಗಳ ಅಳತೆಗೋಲಿದೆ, ಒಂದೊಂದಕ್ಕೆ 1ರಿಂದ 5 ಅಂಕ. ಈ ಪ್ರಕರಣದಲ್ಲಿ ಅದನ್ನು ಬಳಸಲಿಲ್ಲ. ಇಪ್ಪತ್ತು ಸಾಲಿನ ಹಾಳೆಯೇ ಹೆಚ್ಚು ಮಾತಾಡಿತು.

1955ರಲ್ಲಿ ಸ್ವೆರ್ರೆ ಲಿಸ್ಗಾರ್ಡ್ ಅಮೆರಿಕಕ್ಕೆ ಹೋಗಿಬಂದ 200 ನಾರ್ವೆಯನ್ನರನ್ನು ಮಾತಾಡಿಸಿ, ಆರು ತಿಂಗಳೊಳಗೆ ಇದ್ದವರೂ ಹದಿನೆಂಟು ತಿಂಗಳು ಮೀರಿ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಕಷ್ಟಪಟ್ಟಿದ್ದರು ಎಂದಿದ್ದ. ಮೊದಲು ಖುಷಿ, ಆಮೇಲೆ ಕುಸಿತ, ಮತ್ತೆ ಏರು ಎಂಬ ಜನಪ್ರಿಯ ಗೆರೆ ಬಂದದ್ದು ಇಲ್ಲಿಂದ. ಎಲ್ಲರೂ ಆ ಗೆರೆಯ ಮೇಲೆ ನಡೆಯುವುದಿಲ್ಲ. ಈಕೆಗೆ ಮೊದಲ ಖುಷಿಯೇ ಇರಲಿಲ್ಲ. 'ಇನ್ನು ಕೆಲ ತಿಂಗಳು ಕಾಯಿ, ಏರುತ್ತದೆ' ಎಂದು ಗೆರೆ ತೋರಿಸಿ ಸಮಾಧಾನ ಹೇಳುವುದು ಸೋಮಾರಿತನ.

ಇನ್ನೂ ಹತ್ತಿರದ್ದು ಬ್ಲೋಮ್ ಮತ್ತು ಗಂಪರ್ಜ್ 1972ರಲ್ಲಿ ಪ್ರಕಟಿಸಿದ ಅಧ್ಯಯನ, ನಾರ್ವೆಯ ಹೆಮ್ನೆಸ್‌ಬರ್ಗೆಟ್ ಎಂಬ ಊರಿನದು. ದೂರದ ವಿಶ್ವವಿದ್ಯಾಲಯಗಳಲ್ಲಿ ಓದಿ ರಜೆಗೆ ಬಂದ ಊರ ಹುಡುಗರು ತಾವು ಅಪ್ಪಟ ಊರ ನುಡಿಯನ್ನೇ ಆಡುತ್ತೇವೆ ಎಂದು ನಂಬಿದ್ದರು. ಧ್ವನಿಮುದ್ರಣದಲ್ಲಿ ನೋಡಿದರೆ ಕೆಲವು ವಿಷಯ ಬಂದ ಕೂಡಲೇ ಶಿಷ್ಟ ನುಡಿಗೆ ಜಾರುತ್ತಿದ್ದರು. ಕೇಳಿಸಿದಾಗ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟರು, ಆಮೇಲೂ ಜಾರಿದರು. ಇದನ್ನು ಈಕೆಗೆ ಹೇಳಿದ ದಿನ ಮೊದಲ ಬಾರಿ ಮನಸಾರೆ ನಕ್ಕಳು. 'ಹೋಗೋಣ' ಎಂದು ಬಾಯಿಗೆ ಬಂದದ್ದು ದ್ರೋಹವಲ್ಲ ಎಂದು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಇದರಿಂದ ಆಯಿತು.

ಮಾಡಿದ ಕೆಲಸ

ಮೊದಲ ವಾರ ಬರೀ ಗಮನಿಸುವುದು. ಸಣ್ಣ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಯಾರ ಜೊತೆ, ಎಲ್ಲಿ, ಯಾವ ಮಾತು, ಮೈ ಎಷ್ಟು ಬಿಗಿಯಾಯಿತು (0ರಿಂದ 10). ಏಳು ದಿನದ ನಂತರ ಕಂಡದ್ದು ಎಲ್ಲರ ಊಹೆಗೂ ವಿರುದ್ಧ. ತರಕಾರಿ ಅಂಗಡಿ, ಆಟೋ, ಕಚೇರಿಯ ಕಾಫಿ ಯಂತ್ರದ ಹತ್ತಿರ ಬೆಂಗಳೂರು ಮಾತಾಡುವಾಗ ಬಿಗಿ 1 ಅಥವಾ 2. ಉತ್ತರ ಕರ್ನಾಟಕದವರು ಸೇರುವ ಖಾನಾವಳಿಯಲ್ಲಿ ಊರ ಮಾತಾಡುವಾಗ 0. ಅಂಕ 8, 9 ಮುಟ್ಟಿದ್ದು ಎರಡು ಮಾತಿನ ಕೇಳುಗರು ಒಟ್ಟಿಗೆ ಇದ್ದಾಗ ಮಾತ್ರ: ಜೊತೆಗಾತಿ ಕೋಣೆಯಲ್ಲಿರುವಾಗ ಅವ್ವನ ಫೋನು, ಮ್ಯಾನೇಜರ್ ಪಕ್ಕದಲ್ಲಿರುವಾಗ ಹುಬ್ಬಳ್ಳಿಯ ಗಿರಾಕಿಯ ಕರೆ. ಮಾತು ಬದಲಿಸುವುದು ಅವಳಿಗೆ ಭಾರವಾಗಿರಲಿಲ್ಲ, ಬದಲಿಸುವುದನ್ನು ಬಚ್ಚಿಡುವುದು ಭಾರವಾಗಿತ್ತು. 'ನಿನ್ನ ಭಾಷೆ ಬಿಡಬೇಡ' ಎಂಬ ಹುರುಪಿನ ಉಪದೇಶವೂ 'ಇಲ್ಲಿಯವರ ಹಾಗೆ ಮಾತಾಡಲು ಕಲಿ' ಎಂಬ ಜಾಣ ಉಪದೇಶವೂ ಈ ಕಾರಣಕ್ಕೆ ಗುರಿ ತಪ್ಪುತ್ತವೆ.

ಎರಡನೆಯದು ವಿಂಗಡಣೆಯ ಹಾಳೆ. ದಿನದ ಬದುಕಿನ 15 ರೂಢಿಗಳನ್ನು ಆಕೆಯೇ ಪಟ್ಟಿ ಮಾಡಿದಳು. ಪ್ರತಿಯೊಂದನ್ನೂ ಐದು ಮನೆಗಳಲ್ಲಿ ಒಂದಕ್ಕೆ ಹಾಕಬೇಕು: 'ಊರದು, ನನ್ನದೂ ಹೌದು'; 'ಊರದು, ನನ್ನದಲ್ಲ'; 'ನಗರದ್ದು, ನನ್ನದೂ ಹೌದು'; 'ನಗರದ್ದು, ನನ್ನದಲ್ಲ'; 'ಇನ್ನೂ ಗೊತ್ತಿಲ್ಲ'. ಐದನೆಯ ಮನೆ ಇರಲೇಬೇಕು, ಇಲ್ಲದಿದ್ದರೆ ಜನ ಸಮಾಲೋಚಕರಿಗೆ ಇಷ್ಟವಾಗುವ ಉತ್ತರ ತುಂಬುತ್ತಾರೆ. ಒಂದೇ ಸಲ ಮುಗಿಸಬಾರದು. ಎರಡು ವಾರ ಬಿಟ್ಟು ಮತ್ತೆ ಮಾಡಿಸಿ, ಏನು ಜಾಗ ಬದಲಿಸಿತು ಎಂದು ನೋಡಬೇಕು.

ಆಕೆಯ ಹಾಳೆಯಲ್ಲಿ 'ಹಿರಿಯರಿಗೆ ರೀ ಹಚ್ಚಿ ಮಾತಾಡುವುದು' ಊರದು, ನನ್ನದೂ ಹೌದು. 'ಸೋಮವಾರದ ಒಪ್ಪತ್ತು' ಊರದು, ನನ್ನದಲ್ಲ, ಅವ್ವನಿಗಾಗಿ ಮಾಡುತ್ತಿದ್ದದ್ದು. 'ಮನೆಗೆ ಹಣ ಕಳಿಸುವುದು' ಮೊದಲ ಸಲ 'ಗೊತ್ತಿಲ್ಲ'ಕ್ಕೆ ಹೋಗಿ ಆಕೆಗೇ ಗಾಬರಿಯಾಯಿತು. ಎರಡು ವಾರದ ನಂತರ ಅದನ್ನು ಎರಡು ತುಂಡು ಮಾಡಿದಳು: ಕಳಿಸುವುದು ನನ್ನದು, ಎಷ್ಟು ಉಳಿದಿದೆ ಎಂದು ಸುಳ್ಳು ಹೇಳುವುದು ನನ್ನದಲ್ಲ. 'ರಾತ್ರಿ ಒಬ್ಬಳೇ ಸಿನಿಮಾಕ್ಕೆ ಹೋಗುವುದು' ನಗರದ್ದು, ನನ್ನದೂ ಹೌದು. ಮನೆಯಲ್ಲಿ ಹೇಳಲಾರದ ಮೊದಲ ಇಷ್ಟ ಅದು. ಹೇಳಲೇಬೇಕೆಂದು ಒತ್ತಾಯ ಮಾಡಲಿಲ್ಲ. ಬಚ್ಚಿಡುವುದಕ್ಕೂ ಹೇಳದೆ ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ವಯಸ್ಕರಿಗೆ ಎರಡನೆಯದು ಹಕ್ಕು.

ಮೂರನೆಯದು ಪ್ರಯೋಗಗಳು, ಎರಡು ವಾರಕ್ಕೊಂದು, ಬಿಗಿಯ ಅಂಕ 4ರಿಂದ 6ರೊಳಗೆ ಇರುವಂತೆ ಸಣ್ಣದು ಮಾಡಿಕೊಂಡು. ಮೊದಲನೆಯದು: ಅವ್ವನ ಕರೆಯನ್ನು ಕೋಣೆಯಲ್ಲೇ, ಐದು ನಿಮಿಷ, ಇದ್ದ ದನಿಯಲ್ಲೇ ಮಾತಾಡುವುದು. ಮುಂಚೆಯೇ ಜೊತೆಗಾತಿಗೆ ಒಂದು ಸಾಲು: "ನಮ್ಮ ಕಡೆ ಮಾತು ಜೋರು ಇರುತ್ತೆ, ಜಗಳ ಅಲ್ಲ." ಮೂರನೆಯ ಕರೆಗೆ ಬಿಗಿ 6ರಿಂದ 2ಕ್ಕೆ ಇಳಿಯಿತು. ಜೊತೆಗಾತಿಗೆ ಆಮೇಲೆ ಅವ್ವನೂ ಪರಿಚಯವಾದಳು.

ಎರಡನೆಯದು ಕೆಟ್ಟಿತು, ಅದನ್ನು ವಿವರವಾಗಿ ಹೇಳಬೇಕು. ನವೆಂಬರ್ 1ಕ್ಕೆ ಕಚೇರಿಯಲ್ಲಿ ರಾಜ್ಯೋತ್ಸವ. ಯೋಜನೆಯಲ್ಲಿ ಇಲ್ಲದಿದ್ದರೂ ಹುರುಪಿಗೆ ಬಿದ್ದು ಈಕೆ ವೇದಿಕೆ ಹತ್ತಿ ಪೂರ್ತಿ ಗದಗಿನ ಮಾತಿನಲ್ಲಿ ಮಾತಾಡಿದಳು. ಜೋರು ಚಪ್ಪಾಳೆ. ಮರುದಿನದಿಂದ ಕಂಡವರೆಲ್ಲ, "ಇನ್ನೊಂದ್ ಸಲ ಹಂಗ್ ಮಾತಾಡಿ, ಮಜಾ ಇರುತ್ತೆ." ಟಿವಿ ಹಾಸ್ಯ ಕಾರ್ಯಕ್ರಮಗಳು ಉತ್ತರ ಕರ್ನಾಟಕದ ಮಾತನ್ನು ನಗೆಯ ಸರಕು ಮಾಡಿಟ್ಟಿರುವುದರಿಂದ, ಕೇಳಿದವರಿಗೆ ಅದು ಮಾತಾಗಿ ಕೇಳಲಿಲ್ಲ, ಐಟಂ ಆಗಿ ಕೇಳಿತು. ಬಚ್ಚಿಟ್ಟಿದ್ದನ್ನು ಹೊರತಂದಳು, ಆದರೆ ಪ್ರದರ್ಶನಕ್ಕೆ. ಬಿಗಿಯ ಅಂಕ ಎರಡು ವಾರ 7ರ ಮೇಲೆ ನಿಂತಿತು. ಇದರಿಂದ ಯೋಜನೆ ಬದಲಾಯಿತು: ಊರ ಮಾತು ಬರಬೇಕಾದದ್ದು ಕೆಲಸದ ವಿಷಯದ ಜೊತೆಗೆ, ಸಂಭ್ರಮದ ಜೊತೆಗಲ್ಲ. ಮುಂದಿನ ಪ್ರಯೋಗ, ಹುಬ್ಬಳ್ಳಿ ಗಿರಾಕಿಯ ಬಾಕಿ ಲೆಕ್ಕದ ಕರೆಯನ್ನು ಮ್ಯಾನೇಜರ್ ಎದುರಲ್ಲೇ ಅವರದೇ ಮಾತಿನಲ್ಲಿ ಮುಗಿಸುವುದು. ಬಾಕಿ ವಸೂಲಾಯಿತು. ಆ ಭಾಗದ ಗಿರಾಕಿಗಳನ್ನು ಈಕೆಗೇ ಒಪ್ಪಿಸಿದರು. ಗಟ್ಟಿಗಿತ್ತಿ ಎಂಬುದಕ್ಕೆ ಬೆಂಗಳೂರಿನಲ್ಲಿ ಸಿಕ್ಕ ಮೊದಲ ಸಾಕ್ಷಿ ಅದು.

ಊಟದ ವ್ಯವಸ್ಥೆ ಸರಳ. ಪೀಜಿಯಲ್ಲಿ ಒಲೆ ಹಚ್ಚುವಂತಿಲ್ಲ. ಊರಿಂದ ಕಟಕ ರೊಟ್ಟಿ ತಂದರೆ ತೇವ ತಾಗದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಬೆಳಿಗ್ಗೆ ಎರಡು ರೊಟ್ಟಿ ಎಂದರೆ ತಿಂಗಳಿಗೆ 60. ಅಷ್ಟು ಬಡಿಯಲು ಅವ್ವನಿಗೆ ಒಂದು ದಿನದ ಕೆಲಸ, ಆದ್ದರಿಂದ ಅರ್ಧ ಊರಿಂದ, ಅರ್ಧ ಬೆಂಗಳೂರಿನ ರೊಟ್ಟಿ ಅಂಗಡಿಯಿಂದ ಕೊಳ್ಳುವುದು ಎಂದಾಯಿತು. ಖಾನಾವಳಿ ಭಾನುವಾರ ಮಾತ್ರ. ನಡುವೆ ಒಂದು ತಿಂಗಳು ವಾರಕ್ಕೆ ನಾಲ್ಕು ಸಂಜೆ ಖಾನಾವಳಿಯ ಗುಂಪಿನಲ್ಲೇ ಕಳೆದಳು. ಆ ತಿಂಗಳು ನಿದ್ದೆ ಚೆನ್ನಾಗಿತ್ತು, ಕಚೇರಿಯ ಮಾತು ಪೂರ್ತಿ ನಿಂತಿತ್ತು.

ಊರ ಭೇಟಿಯ ಲೆಕ್ಕ ಬದಲಿಸಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಒಂದೇ ರಾತ್ರಿಯ ಭೇಟಿಯಲ್ಲಿ ಮಗಳು ನೆಂಟಳಾಗಿಯೇ ಬಂದು ನೆಂಟಳಾಗಿಯೇ ಹೋಗುತ್ತಾಳೆ: ಹೋಳಿಗೆ, ಓಣಿಯವರ ವಿಚಾರಣೆ, ಮತ್ತೆ ಬಸ್ಸು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮನೆಯವರು "ಏ, ಆ ಕೊಡ ಇಳಸ" ಎನ್ನತೊಡಗುತ್ತಾರೆ. ಅಲ್ಲಿಂದ ಅವಳು ಮನೆಯವಳು. ಹಾಗಾಗಿ ಒಂದೇ ರಾತ್ರಿಯ ಓಟ ನಿಲ್ಲಿಸಿ, ಆರು ವಾರಕ್ಕೊಮ್ಮೆ ಕನಿಷ್ಠ ಮೂರು ರಾತ್ರಿ ಎಂದು ಗೊತ್ತುಮಾಡಲಾಯಿತು. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಹೋಗಿ, ಹೊಲದಲ್ಲಿ ಚರಗ ಚೆಲ್ಲುವುದರಿಂದ ತಮ್ಮನ ಪರೀಕ್ಷಾ ಫೀಯ ಜಗಳದವರೆಗೆ ಎಲ್ಲಕ್ಕೂ ಸೇರಿದಳು. 'ಹೋಗೋಣ' ಈ ಸಲವೂ ಬಂತು. "ಹೌದವಾ, ಎರಡೂ ಬರ್ತಾವ ನನಗ" ಎಂದಳಂತೆ.

ಮನೆಯ ಕಡೆಯವರ ಜೊತೆ ಒಂದೇ ಸಲ, ಫೋನಿನಲ್ಲಿ, ಆಕೆಯ ಒಪ್ಪಿಗೆ ಪಡೆದು ಮಾತಾಡಿದ್ದು. ಅವ್ವನ ಅಂಜಿಕೆ ನೇರವಾಗಿತ್ತು: ದನಿ ಸಣ್ಣಾದದ್ದು ಕಂಡು ಮಗಳು ಏನೋ ಮುಚ್ಚಿಡುತ್ತಿದ್ದಾಳೆ, ಬಹುಶಃ ಹುಡುಗನೊಬ್ಬ ಇದ್ದಾನೆ ಎಂದುಕೊಂಡಿದ್ದರು. ಟೆರೇಸಿನ ಕಾರಣ ತಿಳಿದ ಮೇಲೆ ಗಂಡು ನೋಡುವ ಅವಸರ ಸ್ವಲ್ಪ ತಗ್ಗಿತು. ಪೂರ್ತಿ ಅಲ್ಲ.

ಫೆಬ್ರವರಿಯ ಮರುಪರಿಶೀಲನೆ

ಪಿಎಚ್‌ಕ್ಯೂ-9 ಅಂಕ 3. ನಿದ್ದೆ ಹನ್ನೊಂದೂವರೆಗೆ. ಹಿಮೊಗ್ಲೋಬಿನ್ ಏರಿದೆ, ಅಂಕದ ಇಳಿತದಲ್ಲಿ ಅದರ ಪಾಲೂ ಇದೆ ಎಂದು ಒಪ್ಪಬೇಕು.

ಹೊಸ ಹಾಳೆಯಲ್ಲಿ 20 ಸಾಲೂ ತುಂಬಿದವು, 9 ಸ್ಥಾನಗಳು, 11 ಗುಣ-ಇಷ್ಟಗಳು. ಸ್ಥಾನಗಳು ಕಡಿಮೆಯಾದವು ಎಂದು ಹಿಗ್ಗುವಂತಿಲ್ಲ. ಮಗಳು, ಅಕ್ಕ ಎಂಬವು ಮೊದಲ ಮೂರು ಸಾಲಿನಲ್ಲೇ ಇವೆ, ಇರಬೇಕಾದದ್ದೂ ಅಲ್ಲೇ. 'ಬೆಂಗಳೂರಿನಲ್ಲಿ ಇದು ಯಾರಿಗೆ ಗೊತ್ತು?' ಎಂಬ ಕಾಲಂನಲ್ಲಿ 'ಯಾರಿಗೂ ಇಲ್ಲ' ಎಂದಿರುವುದು ಈಗ ಎರಡರ ಮುಂದೆ ಮಾತ್ರ. ಗಟ್ಟಿಗಿತ್ತಿಯೂ ಸೈಲೆಂಟೂ ಎರಡೂ ಉಳಿದಿವೆ, ಆದರೆ ಒಂದೇ ಸಾಲಿನಲ್ಲಿ: 'ಗೊತ್ತಿರೋ ಮಂದ್ಯಾಗ ಗಟ್ಟಿಗಿತ್ತಿ, ಹೊಸಬರ ಮುಂದ ಮೊದಲ ಸುಮ್ಮನಿರತೇನಿ.' ಎರಡು ಊರಿಗೂ ಹೊಂದುವ ವಿವರಣೆ ಇದು.

ಬಗೆಹರಿಯದವೂ ಇವೆ. ದೊಡ್ಡ ಮೀಟಿಂಗಿನಲ್ಲಿ ಇಂದಿಗೂ ಮಾತಾಡುವುದಿಲ್ಲ. ಅಡ್ಡಹೆಸರನ್ನು ಇಮೇಲಿಗೆ ಮರಳಿ ಹಾಕಿಸಲಿಲ್ಲ; ಸಂಬಳದ ದಾಖಲೆ, ಪಿಎಫ್ ಎಲ್ಲ ತಿದ್ದಿಸುವ ರಗಳೆ ಬೇಡ, ಮದುವೆ ಕಾರ್ಡಿನಲ್ಲಿ ಇರುತ್ತದಲ್ಲ ಎಂದಳು. ಅಪ್ಪನಿಗೆ ಈಗಲೂ ಗೊತ್ತಿಲ್ಲ.

ಕಂಪನಿ ಈಗ ಹೈದರಾಬಾದಿಗೆ ವರ್ಗಾವಣೆ ಕೇಳುತ್ತಿದೆ, ಸಂಬಳ 6,000 ಹೆಚ್ಚು. ಒಂದು ವರ್ಷ ತುಂಬುವವರೆಗೆ ಮುಂದೂಡಲು ಆಗುತ್ತದೆಯೇ ಎಂದು ವಿಚಾರಿಸಲು ಸಲಹೆ ನೀಡಲಾಗಿದೆ; ಈಗಷ್ಟೇ ಸಿಕ್ಕ ಸಾಕ್ಷಿಗಳನ್ನು ಹತ್ತೇ ತಿಂಗಳಿಗೆ ಬಿಟ್ಟುಹೋಗುವುದು ಅವಸರ. ಹೋಗಲೇಬೇಕಾದರೆ, ಹೊರಡುವ ಮುನ್ನ ಒಮ್ಮೆ, ಹೋದ ಎರಡನೆಯ ತಿಂಗಳಲ್ಲಿ ಇನ್ನೊಮ್ಮೆ ಇಪ್ಪತ್ತು ಸಾಲಿನ ಹಾಳೆ. ಅಡ್ಡಹೆಸರಿನ ನಿರ್ಧಾರ ಸೇರುವ ದಿನಕ್ಕಿಂತ ಮೊದಲೇ ಆಗಬೇಕು. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟರೆ, ಊಟ ಬಿಟ್ಟುಹೋದರೆ ಕಾಯುವುದು ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಾವ ಕನ್ನಡದಲ್ಲಿ ಎಂದು ಆಕೆ ಕೇಳಿದಳು. ಅವ್ವನ ಜೊತೆ ಆಡುವುದರಲ್ಲೇ ಎಂದು ಹೇಳಲಾಗಿದೆ.